ಉಚ್ಚಾರಣಾಂಗಗಳ ಹೆಸರುಗಳು

ಕವರ್ಗ ಕಂಠ್ಯ, ಚವರ್ಗ ತಾಲವ್ಯ, ಟವರ್ಗ ಮೂರ್ಧನ್ಯ, ತವರ್ಗ ದಂತ್ಯ, ಪವರ್ಗ ಓಷ್ಠ್ಯ. ಇದನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡದವರು ವಿರಳ. ನಾನೂ ಅನೇಕ ವರ್ಷ ಹಾಗೆಯೇ ಪಾಠ ಹೇಳಿದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ‘ಕ್’ ಅನ್ನುವಾಗ ನಾಲಿಗೆಯ ಬುಡ ಮೇಲೆದ್ದು ಅಂಗುಳಕ್ಕೆ ತಗಲುತ್ತೆ. ಗಂಟಲು ಅದಕ್ಕಿಂತ ಕೆಳಗಿದೆಯಲ್ಲ?" ಎಂದ. ತರಗತಿಯೆಲ್ಲ ನಕ್ಕಿತು. "ಶಾಸ್ತ್ರದಲ್ಲಿ ಹಾಗೆ ಹೇಳಿದೆ, ಕೂತುಕೋ" ಎಂದು ಗದರಿಸಿಬಿಟ್ಟೆ. ಮನೆಗೆ ಬಂದು ನಾನೇ ‘ಕ್’ ಎಂದು ನೋಡಿಕೊಂಡೆ. ಹುಡುಗ ಹೇಳಿದ್ದೇ ನಿಜ. ಶಾಸ್ತ್ರದ ವಿಚಾರವಾಗಿ ನಾನು ಹೇಳಿದ್ದು ಪೂರ್ತಿ ನಿಜವಲ್ಲವೆಂಬುದು ಪುಸ್ತಕಗಳನ್ನು ತೆಗೆದ ಮೇಲೆ ತಿಳಿಯಿತು.

ವೇದಪಾಠದ ಶುದ್ಧಿಗಾಗಿ ಹುಟ್ಟಿದ ಪ್ರಾತಿಶಾಖ್ಯಗಳು ಎರಡು ಸಾವಿರ ವರ್ಷಗಳಿಗೂ ಹಿಂದಿನವೆಂದು ವಿದ್ವಾಂಸರ ಅಭಿಪ್ರಾಯ. ಅವುಗಳಲ್ಲಿ ತೈತ್ತಿರೀಯ ಪ್ರಾತಿಶಾಖ್ಯ ಎರಡು ಮಾತುಗಳನ್ನು ಬೇರ್ಪಡಿಸಿ ಹೇಳುತ್ತದೆ. ವ್ಯಂಜನವನ್ನು ಉಚ್ಚರಿಸುವಾಗ ಎಲ್ಲಿ ಸ್ಪರ್ಶವಾಗುವುದೋ ಅದು ಸ್ಥಾನ. ಯಾವುದರಿಂದ ಸ್ಪರ್ಶಿಸುವೆವೋ ಅದು ಕರಣ. ಈ ನಿಯಮದಂತೆ ಕವರ್ಗಕ್ಕೆ ಸ್ಥಾನ ಹನುಮೂಲ, ಅಂದರೆ ದವಡೆಯ ಬುಡ. ಕರಣ ಜಿಹ್ವಾಮೂಲ, ಅಂದರೆ ನಾಲಿಗೆಯ ಬುಡ. ಕಂಠದ ಹೆಸರೇ ಅಲ್ಲಿಲ್ಲ! ನಾವು ಬಾಯಿಪಾಠ ಮಾಡಿದ ಪಟ್ಟಿ ಬೇರೊಂದು ಸಂಪ್ರದಾಯದ್ದು. ಅದರಲ್ಲಿ ಸ್ಥಾನ ಮಾತ್ರ ಉಳಿದು, ಕರಣ ಮರೆಯಾಯಿತು.

ಕನ್ನಡಕ್ಕೆ ಈ ಭೇದ ಹೊಸದೇನಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಆರಂಭದಲ್ಲಿಯೇ ದೇಹವನ್ನು ವಾದ್ಯಕ್ಕೂ, ನಾಲಿಗೆಯನ್ನು ಅದನ್ನು ಬಾರಿಸುವ ಕೋಲಿಗೂ, ಆತ್ಮವನ್ನು ವಾದಕನಿಗೂ ಹೋಲಿಸಿದ್ದಾನೆ. ಕೋಲು ಯಾವುದು, ಅದು ಬೀಳುವ ಜಾಗ ಯಾವುದು ಎಂಬುದನ್ನು ತಿಳಿಯದೆ ಮದ್ದಳೆ ಕಲಿಸುವುದುಂಟೆ? ನಾವು ಮಾತ್ರ ಕೋಲನ್ನು ಬಿಟ್ಟು ಅಕ್ಷರ ಕಲಿಸುತ್ತಿದ್ದೇವೆ.

ಹೆಸರು ದಾರಿತಪ್ಪಿಸಿದ ಇನ್ನೊಂದು ನಿದರ್ಶನ ಟವರ್ಗದ್ದು. ಮೂರ್ಧಾ ಎಂದರೆ ತಲೆ. ಇಲ್ಲಿ ಅದಕ್ಕೆ ಬಾಯಿಯ ಮೇಲ್ಭಾಗವೆಂದೇ ಅರ್ಥ ಮಾಡಬೇಕೆಂದು ಪ್ರಾತಿಶಾಖ್ಯದ ವ್ಯಾಖ್ಯಾನವಾದ ತ್ರಿಭಾಷ್ಯರತ್ನ ಎಚ್ಚರಿಸುತ್ತದೆ. ಆದರೂ ಇಂಗ್ಲಿಷಿನಲ್ಲಿ ಸಂಸ್ಕೃತ ವ್ಯಾಕರಣ ಬರೆದವರು ಈ ಅಕ್ಷರಗಳನ್ನು ‘ಸೆರೆಬ್ರಲ್’ ಎಂದು ಕರೆದರು. ಅದು ಮಿದುಳಿಗೆ ಸಂಬಂಧಿಸಿದ ಮಾತು! ಪ್ರಾತಿಶಾಖ್ಯವಾದರೋ ನಾಲಿಗೆಯ ತುದಿಯನ್ನು ಹಿಂದಕ್ಕೆ ಸುತ್ತಿ ಮುಟ್ಟಿಸಬೇಕೆಂದು ಹೇಳಿ, ಅದಕ್ಕೆ ಪ್ರತಿವೇಷ್ಟನ ಎಂಬ ಭಾವದ ಪದವನ್ನೇ ಬಳಸಿದೆ. ನಮ್ಮ ಭಾಷಾವಿಜ್ಞಾನದ ಗ್ರಂಥಗಳಲ್ಲಿ ಬಳಕೆಯಲ್ಲಿರುವ ‘ಪ್ರತಿವೇಷ್ಟಿತ’ ಎಂಬ ಪದಕ್ಕೆ ಮೂಲ ಇಲ್ಲಿದೆ. ಇದು ತಕ್ಕ ಪದ. ಏಕೆಂದರೆ ನಾಲಿಗೆ ಮಾಡಬೇಕಾದ ಕೆಲಸವನ್ನೇ ಇದು ಹೇಳುತ್ತದೆ.

ಪಶ್ಚಿಮದವರೂ ಹೆಸರಿನ ಕಷ್ಟವನ್ನು ಅನುಭವಿಸಿದವರೇ. 1741ರಲ್ಲಿ ಫ್ರಾನ್ಸಿನ ವೈದ್ಯ ಫೆರಾಂ, ಗಂಟಲಿನೊಳಗೆ ಕಂಪಿಸುವ ಭಾಗಗಳನ್ನು ಪಿಟೀಲಿನಂಥ ವಾದ್ಯದ ತಂತಿಗಳಿಗೆ ಹೋಲಿಸಿ ಹೆಸರಿಟ್ಟ. ಅದರಿಂದಲೇ ನಮ್ಮಲ್ಲಿ ‘ಧ್ವನಿತಂತು’ ಬಂದಿತು. ಅವು ತಂತಿಗಳಲ್ಲ, ಮಡಿಕೆಗಳು; ಇಂದಿನ ವೈದ್ಯರು ಹಾಗೆಯೇ ಕರೆಯುತ್ತಾರೆ. 1854ರಲ್ಲಿ ಗಾರ್ಸಿಯಾ ಎಂಬ ಸಂಗೀತದ ಗುರು ಸಣ್ಣ ಕನ್ನಡಿಯ ಸಹಾಯದಿಂದ ತನ್ನ ಗಂಟಲಿನಲ್ಲಿಯೇ ಅವುಗಳ ಚಲನೆಯನ್ನು ಕಂಡ. ಕಂಠ ಮುಚ್ಚಿದ್ದಾಗ ನಾದ, ತೆರೆದಿದ್ದಾಗ ಶ್ವಾಸ ಎಂದು ಕನ್ನಡಿಯಿಲ್ಲದೆ ಹೇಳಿದ ಪ್ರಾತಿಶಾಖ್ಯಕಾರರನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಗಕಾರಕ್ಕೆ ನಾದವುಂಟು, ಕಕಾರಕ್ಕೆ ಇಲ್ಲ. ಕಂಠದ ನಿಜವಾದ ಕೆಲಸ ಇದು.

ಹಾಗಾದರೆ ಪದಗಳನ್ನು ಆರಿಸುವುದು ಹೇಗೆ? ಹಳೆಯ ಪದಗಳೆಲ್ಲ ಹೋಗಲಿ ಎನ್ನುವವನು ನಾನಲ್ಲ. ಕನ್ನಡಿಯಲ್ಲಿ ಕಾಣುವ, ನಾಲಿಗೆಗೆ ಎಟಕುವ ಅಂಗಗಳಿಗೆ ಮನೆಮಾತಿನ ಹೆಸರುಗಳೇ ಸಾಕು: ತುಟಿ, ಹಲ್ಲು, ಒಸಡು, ಅಂಗುಳ, ಕಿರುನಾಲಿಗೆ. ಗಟ್ಟಿ ಅಂಗುಳ, ಮೆತ್ತನೆಯ ಅಂಗುಳ ಎಂದರೆ ಮಗುವಿಗೂ ಅರ್ಥವಾದೀತು. ಅಕ್ಷರಗಳ ವರ್ಗಗಳಿಗೆ ಓಷ್ಠ್ಯ, ದಂತ್ಯ, ತಾಲವ್ಯ ಮೊದಲಾದವು ಭಾರತದ ಇತರ ಭಾಷೆಗಳಿಗೂ ಸಮಾನವಾಗಿರುವುದರಿಂದ ಉಳಿಯಲಿ. ಕಾಣದ ಅಂಗಕ್ಕೆ ಹೆಸರಿಡುವಾಗ ಮಾತ್ರ ಉಪಮೆಯನ್ನು ನಂಬದೆ ವಸ್ತುವನ್ನು ನೋಡಬೇಕು.

ಇದು ಪಂಡಿತರ ಕಾಲಕ್ಷೇಪವೆಂದು ಯಾರೂ ಭಾವಿಸಬಾರದು. ‘ಹಾಳು’ ಎನ್ನಬೇಕಾದಲ್ಲಿ ‘ಹಾಲು’ ಎನ್ನುವ ಮಕ್ಕಳು ಎಷ್ಟೋ ಮನೆಗಳಲ್ಲಿದ್ದಾರೆ. ‘ಳಕಾರ ಮೂರ್ಧನ್ಯ’ ಎಂದು ನೂರು ಸಲ ಹೇಳಿದರೂ ಅವರ ನಾಲಿಗೆ ತಿರುಗದು. "ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗುಳಕ್ಕೆ ಮುಟ್ಟಿಸು, ಮಗು" ಎಂದರೆ ತಿರುಗೀತು. ನಮ್ಮ ಭಾಷೆಯಲ್ಲಿ ಱ, ೞ ಎಂಬ ಎರಡು ಧ್ವನಿಗಳು ಆಗಲೇ ಬಳಕೆ ತಪ್ಪಿವೆ. ಉಳಿದವನ್ನಾದರೂ ಕಾಪಾಡಿಕೊಳ್ಳಬೇಡವೆ?

ಮಾರನೆಯ ವಾರ ಆ ಹುಡುಗನನ್ನು ಕರೆದು ಹಲಗೆಯ ಮುಂದೆ ನಿಲ್ಲಿಸಿದೆ. "ನೀನು ಹೇಳಿದ್ದನ್ನೇ ಪ್ರಾತಿಶಾಖ್ಯವೂ ಹೇಳಿದೆಯಪ್ಪಾ" ಎಂದೆ. ಈ ಬಾರಿ ತರಗತಿಯಲ್ಲಿ ಯಾರೂ ನಗಲಿಲ್ಲ. ನಲವತ್ತು ಹುಡುಗರೂ ‘ಕ್, ಕ್’ ಎಂದು ತಮ್ಮ ತಮ್ಮ ನಾಲಿಗೆಯನ್ನು ಪರೀಕ್ಷಿಸತೊಡಗಿದ್ದರು.