ಕ್ರೈಸ್ತ ಆತ್ಮಶುದ್ಧಿ: ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯ ಹಿನ್ನೆಲೆಯಲ್ಲಿ

ಕ್ರೈಸ್ತಧರ್ಮದಲ್ಲಿ ಆತ್ಮಶುದ್ಧಿಯು ದೀಕ್ಷಾಸ್ನಾನದ ದಿನವೇ ಮುಗಿದುಹೋಗುವ ಸಂಸ್ಕಾರವಲ್ಲ. ಅಂದು ತೊಡಗಿ ಸಾಯುವತನಕ ನಡೆಯುವ ನಿತ್ಯಾಭ್ಯಾಸ. ಇದಕ್ಕೆ ಆಧಾರ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ. ಯೇಸು ಕಾಲು ತೊಳೆಯಲು ಬಂದಾಗ ಪೇತ್ರನು ಕೈಯನ್ನೂ ತಲೆಯನ್ನೂ ತೊಳೆಯೆಂದು ಬೇಡುತ್ತಾನೆ. ಸ್ನಾನ ಮಾಡಿಕೊಂಡವನಿಗೆ ಕಾಲು ತೊಳೆದರೆ ಸಾಕೆಂದು ಗುರು ಹೇಳುತ್ತಾನೆ. ಸ್ನಾನ ಒಂದೇ ಸಲ, ಹಾದಿಯ ಧೂಳನ್ನು ಮಾತ್ರ ದಿನವೂ ತೊಳೆಯಬೇಕು ಎಂದು ಸಭೆ ಇದನ್ನು ಅರ್ಥಮಾಡಿಕೊಂಡಿತು. ಕರ್ತನ ಪ್ರಾರ್ಥನೆಯನ್ನು ದಿನಕ್ಕೆ 3 ಸಲ ಹೇಳಬೇಕೆಂದು ಆದಿಸಭೆಯ ‘ದಿದಾಖೆ’ ಎಂಬ ಗ್ರಂಥ ವಿಧಿಸಿತು; ತಪ್ಪನ್ನು ಕ್ಷಮಿಸೆಂಬ ಬೇಡಿಕೆ ಆ ಪ್ರಾರ್ಥನೆಯೊಳಗೇ ಇದೆ. 1517ರಲ್ಲಿ ಲೂಥರನ ಮೊದಲನೆಯ ವಾದಸೂತ್ರವೇ ವಿಶ್ವಾಸಿಯ ಇಡೀ ಬಾಳು ಪಶ್ಚಾತ್ತಾಪವಾಗಿರಬೇಕು ಎಂಬುದಾಗಿತ್ತು. ಮೆನ್ನೊನೈಟ್ ಪಂಗಡದವರು 1632ರ ಡಾರ್ಡ್ರೆಕ್ಟ್ ವಿಶ್ವಾಸಪ್ರಮಾಣದಲ್ಲಿ ಕಾಲು ತೊಳೆಯುವುದನ್ನು ದೀನತೆಯ ಗುರುತೆಂದೂ ಆತ್ಮಶುದ್ಧಿಯ ನೆನಪೆಂದೂ ಸೇರಿಸಿಕೊಂಡರು.

ಈ ಪರಂಪರೆ ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಕನ್ನಡ-ತೆಲುಗು ಗಡಿಸೀಮೆಗೆ ಎರಡು ದಿಕ್ಕಿನಿಂದ ಬಂದಿತು. ತೆಲುಗು ಕಡೆಯಿಂದ ಬಂದವರು ಬ್ಯಾಪ್ಟಿಸ್ಟರು ಮತ್ತು 1860ರಲ್ಲಿ ರಷ್ಯಾದಲ್ಲಿ ಹುಟ್ಟಿದ ಮೆನ್ನೊನೈಟ್ ಬ್ರದರನ್ ಪಂಗಡದವರು. ಗದ್ವಾಲದ ಮಿಷನ್ ಕೇಂದ್ರ 1937ರಲ್ಲಿ ಮೊದಲಿನವರಿಂದ ಎರಡನೆಯವರ ಕೈಗೆ ಹೋಯಿತು. ಕನ್ನಡ ಕಡೆ, ರಾಯಚೂರು, ಯಾದಗಿರಿಗಳಲ್ಲಿ, ಮೆಥಡಿಸ್ಟರು ನೆಲೆಯೂರಿದರು. ಅವರ ಮೂಲಪುರುಷ ಜಾನ್ ವೆಸ್ಲಿ ಕ್ರೈಸ್ತ ಪರಿಪೂರ್ಣತೆಯನ್ನು ಕುರಿತ ತನ್ನ ಗ್ರಂಥವನ್ನು 1766ರಲ್ಲಿ ಪ್ರಕಟಿಸಿದ್ದ; ಸಣ್ಣ ಗುಂಪುಗಳಲ್ಲಿ ಕೂಡಿ ಪ್ರತಿವಾರ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಶಿಸ್ತನ್ನೂ ಕಟ್ಟಿದ್ದ. ಈ ಎರಡು ಕಡೆಗಳ ನಡುವೆ ಗಟ್ಟಿ ಗೆರೆಯಿರಲಿಲ್ಲ: ಗದ್ವಾಲ ತಾಲ್ಲೂಕು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಮಕ್ತಲ, ನಾರಾಯಣಪೇಟೆಗಳ ಹಲವರಿಗೆ ಕನ್ನಡ ಇಂದಿಗೂ ಮನೆಮಾತು. ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ದುಡಿದು 1831ರ ಹೊತ್ತಿಗೆ ಪೂರ್ತಿಗೊಳಿಸಿದ ಕನ್ನಡ ಬೈಬಲ್ ಇಂಥ ಮನೆಗಳ ನಿತ್ಯಪ್ರಾರ್ಥನೆಗೆ ಬಹು ಮುಂಚೆಯೇ ದಾರಿ ತೆರೆದಿತ್ತು.

ಇಲ್ಲಿ ಶುದ್ಧಿಯ ಪ್ರಶ್ನೆ ಬರೀ ದೇವತಾಶಾಸ್ತ್ರದ್ದಲ್ಲ. ತೆಲುಗು ಸೀಮೆಯ ಈ ಸಭೆಗಳಿಗೆ ಸೇರಿದವರಲ್ಲಿ ಹೆಚ್ಚಿನವರು ಮಾದಿಗ, ಮಾಲ ಸಮುದಾಯಗಳವರು. ಹುಟ್ಟಿನಿಂದಲೇ ಮೈಲಿಗೆಯೆಂದು ಊರಾಚೆ ಇಡಲ್ಪಟ್ಟವರಿಗೆ ಪಾಪವೂ ಶುದ್ಧಿಯೂ ಎದೆಯೊಳಗಿನವು, ಅರಿಕೆಯಿಂದ ತೊಳೆಯಲ್ಪಡುವಂಥವು ಎಂಬ ಬೋಧೆ ಮಡಿ-ಮೈಲಿಗೆಯ ಲೆಕ್ಕವನ್ನೇ ಅಳಿಸಿತು. ಅಂತರಂಗಶುದ್ಧಿಯನ್ನು 12ನೇ ಶತಮಾನದಲ್ಲೇ ಬಸವಣ್ಣ ಸಾರಿದ್ದನಲ್ಲವೇ, ಹೊಸದೇನು ಎಂದು ಕೇಳಬಹುದು. ಆ ಮಾತು ನಿಜ. ಈ ನೆಲದ ಕಿವಿಗೆ ಅದು ಪರಕೀಯವಾಗಿರಲಿಲ್ಲ. ವ್ಯತ್ಯಾಸವಿರುವುದು ಆಧಾರದಲ್ಲಿ: ಕ್ರೈಸ್ತನು ತನ್ನ ಶುದ್ಧಿಯನ್ನು ಕ್ರಿಸ್ತನ ಶಿಲುಬೆಯ ಮರಣಕ್ಕೆ ಕಟ್ಟುತ್ತಾನೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ರಕ್ಷಣೆ ಕೃಪೆಯಿಂದಲೇ ದೊರೆಯುವುದಾದರೆ ದಿನದಿನದ ಸಾಧನೆ ಅದನ್ನು ಮತ್ತೆ ಸಂಪಾದನೆಗೆ ಇಳಿಸುವುದಿಲ್ಲವೇ? ಮನುಷ್ಯ ಸ್ವಂತ ಬಲದಿಂದಲೇ ಒಳ್ಳೆಯದನ್ನು ಆರಿಸಬಲ್ಲನೆಂದ ಪೆಲಾಗಿಯಸನ ವಿರುದ್ಧ 5ನೇ ಶತಮಾನದಲ್ಲಿ ಅಗಸ್ಟೀನ್ ಹೂಡಿದ ವಾದದಲ್ಲಿಯೇ ಉತ್ತರವಿದೆ: ಒಳ್ಳೆಯದನ್ನು ಬಯಸುವ ಶಕ್ತಿಯೂ ಕೊಡುಗೆಯೇ. ಹಾಗಾಗಿ ರಾತ್ರಿಯ ಪ್ರಾರ್ಥನೆಯಲ್ಲಿ ತಪ್ಪೊಪ್ಪಿಕೊಳ್ಳುವವನು ಪುಣ್ಯ ಕೂಡಿಡುತ್ತಿಲ್ಲ, ಬಂದದ್ದನ್ನು ಸ್ವೀಕರಿಸುತ್ತಿದ್ದಾನೆ. ಆದರೆ ಆ ಒಪ್ಪಿಗೆ ನೆರೆಯವನ ಜೊತೆಗಿನ ಜಗಳವನ್ನು ಮುಟ್ಟದಿದ್ದರೆ ಅದು ಅಪೂರ್ಣ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನೊಂದಿಗೆ ಸಮಾಧಾನವಾಗೆಂದು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ಕಟ್ಟಪ್ಪಣೆ ಮಾಡುತ್ತದೆ.