ಅಡಿಕೆಗೆ ಹೋದ ಮಾನ, ಅಂಚೆಯಲ್ಲಿ ಬಂದ ಬಿಲ್

2012ರ ಮೇ ತಿಂಗಳು. ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಕೌಂಟಿ ಕೋರ್ಟಿನಲ್ಲಿ ಒಂದು ಸಣ್ಣ ಸಿವಿಲ್ ದಾವೆಯ ತೀರ್ಪು ಬಂತು. ವಾದಿ ಒಂದು ಚಿಲ್ಲರೆ ಮಾರಾಟ ಕಂಪನಿ. ಪ್ರತಿವಾದಿಗಳು ಹದಿಹರೆಯದ ಇಬ್ಬರು ಹುಡುಗಿಯರು. ಅಂಗಡಿಯಲ್ಲಿ ಸಾಮಾನು ಕದಿಯಲು ಹೋಗಿ ಸಿಕ್ಕಿಬಿದ್ದಿದ್ದರು. ಸಾಮಾನು ವಾಪಸ್ ಸಿಕ್ಕಿತ್ತು. ಆದರೂ ಕಂಪನಿ ಒಬ್ಬೊಬ್ಬಳಿಂದ 137.50 ಪೌಂಡ್ ಕೇಳಿತ್ತು. ಆಗಿನ ಲೆಕ್ಕದಲ್ಲಿ ನಮ್ಮ ಹನ್ನೊಂದು ಸಾವಿರ ರೂಪಾಯಿಗೂ ಮೇಲೆ.

ಇಷ್ಟು ದುಡ್ಡಿಗೆ ವಕೀಲರನ್ನಿಟ್ಟು ಕೋರ್ಟು ಹತ್ತಿದರೆ ಖರ್ಚೇ ಅದಕ್ಕಿಂತ ಹೆಚ್ಚು. ಆದರೆ ಇಬ್ಬರ 275 ಪೌಂಡಿಗಿಂತ ದೊಡ್ಡ ಪ್ರಶ್ನೆ ಅಲ್ಲಿತ್ತು. ಹತ್ತು ವರ್ಷಗಳಲ್ಲಿ ಆ ದೇಶದ ಆರು ಲಕ್ಷಕ್ಕೂ ಹೆಚ್ಚು ಜನರಿಗೆ ಇಂಥದೇ ಬೇಡಿಕೆ ಪತ್ರಗಳು ಹೋಗಿದ್ದವು. ಆ ಪತ್ರಗಳಿಗೆ ಕಾನೂನಿನ ಬುಡ ಇದೆಯೋ ಇಲ್ಲವೋ ಎಂಬುದು ಅವತ್ತು ತೀರ್ಮಾನ ಆಗಬೇಕಿತ್ತು.

ಅಂಗಡಿ ಕಳ್ಳತನ ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ತಪ್ಪಿನ ಬೆಲೆ ಕಟ್ಟುವವರು ಯಾರು? ನಾವು ಈ ಚರಿತ್ರೆ ಬರೆಯುತ್ತಿರುವುದು ಆ ಒಂದು ಪ್ರಶ್ನೆಗಾಗಿ.

ಪತ್ರ ಹೇಗೆ ಬರುತ್ತಿತ್ತು

ಹುಡುಗನೋ ಹುಡುಗಿಯೋ ಲಿಪ್‌ಸ್ಟಿಕ್ ಒಂದನ್ನು ಜೇಬಿಗೆ ಹಾಕಿಕೊಂಡು ಬಾಗಿಲು ದಾಟುವಾಗ ಸೆಕ್ಯುರಿಟಿಯವರು ಹಿಡಿಯುತ್ತಾರೆ. ಹಿಂದಿನ ಕೋಣೆಗೆ ಕರೆದೊಯ್ಯುತ್ತಾರೆ. ಸಾಮಾನು ವಾಪಸ್ ಪಡೆಯುತ್ತಾರೆ. ಹೆಸರು, ವಯಸ್ಸು, ವಿಳಾಸ ಬರೆದುಕೊಳ್ಳುತ್ತಾರೆ. ಕೆಲವೊಮ್ಮೆ ಪೊಲೀಸರು ಬರುತ್ತಾರೆ, ಕೆಲವೊಮ್ಮೆ ಬೈದು ಕಳಿಸುತ್ತಾರೆ. ಮಗು ಮನೆಗೆ ಹೋಗಿ ಯಾರಿಗೂ ಹೇಳದೆ ಸುಮ್ಮನಾಗುತ್ತದೆ.

ಕೆಲವು ದಿನಗಳಾದ ಮೇಲೆ ಅಂಚೆಯಲ್ಲಿ ಲಕೋಟೆ ಬರುತ್ತದೆ. ಕಳಿಸಿದವರು ಅಂಗಡಿಯವರಲ್ಲ, ಅವರ ಪರವಾಗಿ ವಸೂಲಿ ಮಾಡುವ ಏಜೆನ್ಸಿ. ಇಂಥ ಏಜೆನ್ಸಿಗಳಲ್ಲಿ ದೊಡ್ಡದು ನಾಟಿಂಗ್‌ಹ್ಯಾಮ್ ನಗರದ ರಿಟೇಲ್ ಲಾಸ್ ಪ್ರಿವೆನ್ಶನ್. ನಿಮ್ಮ ಕೃತ್ಯದಿಂದ ಅಂಗಡಿಗೆ ನಷ್ಟವಾಗಿದೆ, ಇಷ್ಟು ಪೌಂಡ್ ಕಟ್ಟಿ, ಇಲ್ಲವಾದರೆ ಸಿವಿಲ್ ದಾವೆ ಹೂಡಬಹುದು ಎಂದು ಪತ್ರ ಹೇಳುತ್ತದೆ. ಬೇಗ ಕಟ್ಟಿದರೆ ರಿಯಾಯಿತಿಯೂ ಉಂಟು. ನಿಮ್ಮ ಹೆಸರನ್ನು ಒಂದು ಪಟ್ಟಿಯಲ್ಲಿ ಇಡುತ್ತೇವೆ, ಮುಂದೆ ಕೆಲಸಕ್ಕೆ ಸೇರುವಾಗ ಅದನ್ನು ನೋಡಬಹುದು ಎಂಬ ಸೂಚನೆ ಬೇರೆ.

ಮೊತ್ತವನ್ನು ಒಬ್ಬೊಬ್ಬರ ಪ್ರಕರಣ ನೋಡಿ ಲೆಕ್ಕ ಹಾಕಿದ್ದಲ್ಲ. ಮೊದಲೇ ನಿಗದಿಯಾದ ದರ. ಸೆಕ್ಯುರಿಟಿಯವರ ಸಮಯಕ್ಕೆ ಇಷ್ಟು, ಕಚೇರಿ ಖರ್ಚಿಗೆ ಇಷ್ಟು, ಕ್ಯಾಮೆರಾ ಇತ್ಯಾದಿಗಳ ಪಾಲು ಇಷ್ಟು ಎಂಬ ಲೆಕ್ಕ. ಕದ್ದ ವಸ್ತು ಹಾಳಾಗದೆ ಶೆಲ್ಫಿಗೆ ವಾಪಸ್ ಹೋಗಿದ್ದರೂ ಬೇಡಿಕೆ ನಿಲ್ಲುತ್ತಿರಲಿಲ್ಲ.

ಗಮನಿಸಿ, ಇದು ಕೋರ್ಟು ಹಾಕಿದ ದಂಡ ಅಲ್ಲ. ಪೊಲೀಸರ ನೋಟಿಸ್ ಅಲ್ಲ. ಒಂದು ಖಾಸಗಿ ಕಂಪನಿ ಇನ್ನೊಂದು ಖಾಸಗಿ ಕಂಪನಿಯ ಪರವಾಗಿ ಕಳಿಸಿದ ಕಾಗದ. ಆದರೆ ಅದನ್ನು ಓದಿದ ತಂದೆ ತಾಯಿಗೆ ಹಾಗೆ ಕಾಣುತ್ತಿರಲಿಲ್ಲ.

ಹುಟ್ಟಿದ್ದು ಅಮೆರಿಕದಲ್ಲಿ

ಈ ಪದ್ಧತಿಗೆ 'ಸಿವಿಲ್ ರಿಕವರಿ' ಎಂದು ಹೆಸರು. 1970ರ ದಶಕದಲ್ಲಿ ಅಮೆರಿಕದ ರಾಜ್ಯಗಳು ಇದಕ್ಕಾಗಿ ಕಾನೂನು ಮಾಡಲು ಶುರುಮಾಡಿದವು. ಈಗ ಅಲ್ಲಿನ 50 ರಾಜ್ಯಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇದೆ. ಕ್ಯಾಲಿಫೋರ್ನಿಯದಲ್ಲಿ ಅಪ್ರಾಪ್ತ ಮಗು ಅಂಗಡಿಯಲ್ಲಿ ಕದ್ದರೆ ಅಂಗಡಿಯವರು ತಂದೆ ತಾಯಿಯ ಮೇಲೆ ದಾವೆ ಹೂಡಿ 50ರಿಂದ 500 ಡಾಲರ್‌ವರೆಗೆ ಕೇಳಬಹುದು. ಸರಿಯೋ ತಪ್ಪೋ, ಅಲ್ಲಿ ಶಾಸನ ಸಭೆಯೇ ಮಿತಿ ಹಾಕಿದೆ.

ಅಂಗಡಿಯವರ ವಾದವನ್ನೂ ಕೇಳಬೇಕು. ಸಣ್ಣ ಸಣ್ಣ ಕಳ್ಳತನಗಳೇ ಸೇರಿ ವರ್ಷಕ್ಕೆ ದೊಡ್ಡ ನಷ್ಟ. ಪೊಲೀಸರು ಸಣ್ಣ ಕೇಸುಗಳನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಕೊನೆಗೆ ಆ ಹೊರೆ ಬೀಳುವುದು ಪ್ರಾಮಾಣಿಕ ಗಿರಾಕಿಯ ಬಿಲ್ಲಿನ ಮೇಲೆ. ಕದ್ದವರೇ ಕಟ್ಟಲಿ ಎನ್ನುವುದರಲ್ಲಿ ಅನ್ಯಾಯವೇನು? ಸಂತೆಯಲ್ಲಿ ಅಂಗಡಿ ಹಾಕುವ ಯಾರನ್ನು ಕೇಳಿದರೂ ಈ ಮಾತಿಗೆ ತಲೆಯಾಡಿಸುತ್ತಾರೆ.

1990ರ ದಶಕದ ಕೊನೆಗೆ ಈ ಪದ್ಧತಿ ಇಂಗ್ಲೆಂಡಿಗೆ ಬಂತು. ಆದರೆ ಅದರ ಹಿಂದೆ ಇಂಥ ಕಾನೂನು ಬರಲಿಲ್ಲ. ಅಮೆರಿಕದಲ್ಲಿದ್ದಂತೆ ಇಷ್ಟರಿಂದ ಇಷ್ಟು ಎಂದು ಹೇಳುವ ಕಾಯ್ದೆ ಅಲ್ಲಿರಲಿಲ್ಲ. ಮಗು ಮಾಡಿದ್ದಕ್ಕೆ ಹೆತ್ತವರು ಹೆತ್ತವರೆಂಬ ಕಾರಣಕ್ಕೇ ಹೊಣೆ ಎನ್ನುವ ನಿಯಮವೂ ಅಲ್ಲಿನ ಕಾನೂನಿನಲ್ಲಿಲ್ಲ. ಬಂದದ್ದು ಪತ್ರ ಮಾತ್ರ.

ವಿನ್ನಿಪೆಗ್‌ನ ಒಬ್ಬ ತಾಯಿ

ಆಕ್ಸ್‌ಫರ್ಡಿಗೆ ಬರುವ ಮೊದಲು ಕೆನಡಾದ ಒಂದು ಪ್ರಕರಣ ನೋಡೋಣ. ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಝೆಲ್ಲರ್ಸ್ ಎಂಬ ಅಂಗಡಿಯಲ್ಲಿ 14 ವರ್ಷದ ಹುಡುಗನೊಬ್ಬ ಸುಮಾರು 60 ಡಾಲರ್ ಬೆಲೆಯ ಸಾಮಾನು ಕದಿಯಲು ಹೋಗಿ ಸಿಕ್ಕಿಬಿದ್ದ. ಸಾಮಾನು ವಾಪಸ್ ಸಿಕ್ಕಿತು. ಆಮೇಲೆ ಅಂಗಡಿಯ ವಕೀಲರಿಂದ ತಾಯಿಗೆ ಪತ್ರ ಬಂತು: 225 ಡಾಲರ್ ಕಟ್ಟಿ, ಇಲ್ಲವಾದರೆ ದಾವೆ.

ತಾಯಿ ಹೆದರಿ ಕಟ್ಟಿದಳು. ನಂತರ ವಿಚಾರಿಸಿ, ಆ ದುಡ್ಡು ವಾಪಸ್ ಕೊಡಿ ಎಂದು ತಾನೇ ಕೋರ್ಟಿಗೆ ಹೋದಳು. 1996ರಲ್ಲಿ ಅಲ್ಲಿನ ಕ್ವೀನ್ಸ್ ಬೆಂಚ್ ನ್ಯಾಯಾಲಯ ಆಕೆಯ ಪರ ತೀರ್ಪು ಕೊಟ್ಟಿತು. ಹೆತ್ತ ಮಾತ್ರಕ್ಕೆ ಮಗುವಿನ ತಪ್ಪಿಗೆ ತಾಯಿ ಸಾಲಗಾರಳಾಗುವುದಿಲ್ಲ, ಅಂಗಡಿ ದಾವೆ ಹೂಡಿದ್ದರೂ ಅದು ನಿಲ್ಲುತ್ತಿರಲಿಲ್ಲ ಎಂದು ಕೋರ್ಟು ಹೇಳಿತು.

ಹಾಗಿದ್ದರೂ ಕಡಲಾಚೆಯ ಇಂಗ್ಲೆಂಡಿನಲ್ಲಿ ಮರುವರ್ಷಗಳಲ್ಲೇ ಅಂಥ ಪತ್ರಗಳ ರಾಶಿ ಬೆಳೆಯತೊಡಗಿತು.

ಯಾಕೆ ಕಟ್ಟುತ್ತಿದ್ದರು

'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಎಂಬ ನಮ್ಮ ಗಾದೆ ಆ ದೇಶಕ್ಕೂ ಹೊಂದುತ್ತದೆ. ಮಗಳು ಕದ್ದಳು ಎಂಬ ಸುದ್ದಿ ಬೀದಿಗೆ ಬರಬಾರದು, ಶಾಲೆಗೆ ಗೊತ್ತಾಗಬಾರದು, ನಾಳೆ ಕೆಲಸ ಸಿಗದೆ ಹೋಗಬಾರದು. ಈ ಮೂರು ಭಯಗಳಿಗೆ ಹೋಲಿಸಿದರೆ ನೂರಿನ್ನೂರು ಪೌಂಡ್ ಹೇಗಾದರೂ ಹೊಂಚಬಹುದು ಅನ್ನಿಸುತ್ತಿತ್ತು. ಎಷ್ಟೋ ಮನೆಗಳಲ್ಲಿ ಬಾಡಿಗೆಗೆ ಇಟ್ಟ ದುಡ್ಡು ಇದಕ್ಕೆ ಹೋಯಿತು.

ಇದನ್ನು ಮೊದಲು ಬಯಲಿಗೆ ತಂದದ್ದು ಸಿಟಿಜನ್ಸ್ ಅಡ್ವೈಸ್ ಸಂಸ್ಥೆ. 1939ರಲ್ಲಿ, ಯುದ್ಧದ ಕಾಲದಲ್ಲಿ ಶುರುವಾದ ಇದು ಊರೂರಲ್ಲಿ ಜನರಿಗೆ ಉಚಿತ ಸಲಹೆ ಕೊಡುತ್ತದೆ. ಅದರ ಕಚೇರಿಗಳಿಗೆ ಈ ಪತ್ರ ಹಿಡಿದುಕೊಂಡು ಬರುವವರು ಹೆಚ್ಚಾದರು. ಸಂಸ್ಥೆ ಪ್ರಕರಣಗಳನ್ನು ಒಟ್ಟು ಮಾಡಿ 2009ರ ಡಿಸೆಂಬರ್‌ನಲ್ಲಿ ಒಂದು ವರದಿ, 2010ರ ಡಿಸೆಂಬರ್‌ನಲ್ಲಿ ಇನ್ನೊಂದು ವರದಿ ಹೊರತಂದಿತು. ನಾವು ಮೇಲೆ ಹೇಳಿದ ಆರು ಲಕ್ಷದ ಲೆಕ್ಕ ಅದರದ್ದೇ.

ಸಂಸ್ಥೆ ನೋಡಿದ ಪ್ರಕರಣಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಹದಿಹರೆಯದವರದು. ಹೆಚ್ಚಿನವರು 14ರಿಂದ 16 ವರ್ಷದವರು. ಬಹುತೇಕ ಕಡೆ ಸಾಮಾನಿನ ಬೆಲೆ ಕಡಿಮೆ, ಅದೂ ವಾಪಸ್ ಸಿಕ್ಕಿತ್ತು. ಬಿಲ್ ಮಾಡುವಾಗ ಒಂದು ವಸ್ತು ತಪ್ಪಿಹೋದವರು, ನಾನು ಕದ್ದೇ ಇಲ್ಲ ಎನ್ನುವವರು ಕೂಡ ಪತ್ರ ಪಡೆದಿದ್ದರು.

ಪತ್ರದಲ್ಲಿ ದಾವೆಯ ಬೆದರಿಕೆ ಇತ್ತು. ಆದರೆ ಎರಡೂ ಕಡೆಯ ವಾದ ನಡೆದು ಪೂರ್ಣ ವಿಚಾರಣೆ ಆದ ಪ್ರಕರಣಗಳು ತೀರಾ ವಿರಳ. ಕೋರ್ಟಿಗೆ ಹೋಗದೇ ಇದ್ದುದರಿಂದಲೇ ಈ ವಸೂಲಿ ಅಷ್ಟು ವರ್ಷ ನಡೆಯಿತು.

ಕೋರ್ಟಿನಲ್ಲಿ ನಡೆದದ್ದು

ಆಕ್ಸ್‌ಫರ್ಡಿನ ಇಬ್ಬರು ಹುಡುಗಿಯರ ಪರ ವಕೀಲರು ಶುಲ್ಕವಿಲ್ಲದೆ ನಿಂತರು. ಹುಡುಗಿಯರ ಹೆಸರನ್ನೂ ಅಂಗಡಿಯ ಹೆಸರನ್ನೂ ಕೋರ್ಟು ಬಹಿರಂಗ ಮಾಡಲಿಲ್ಲ. ನ್ಯಾಯಾಧೀಶರು ಚಾರ್ಲ್ಸ್ ಹ್ಯಾರಿಸ್.

ಕದಿಯಲು ಹೋದದ್ದು ನಿಜವೇ ಎಂಬ ಚರ್ಚೆ ಅಲ್ಲಿರಲಿಲ್ಲ. ನಷ್ಟ ಎಷ್ಟು ಎಂಬುದೇ ಚರ್ಚೆ. ಕಂಪನಿಯ ಕಡೆಯವರು ಇವರನ್ನು ಹಿಡಿದು ವಿಚಾರಿಸುವುದರಲ್ಲಿ ನಮ್ಮ ಸಿಬ್ಬಂದಿಯ ಸಮಯ ಹೋಯಿತು, ಅದಕ್ಕೆ ಪರಿಹಾರ ಬೇಕು ಎಂದರು.

ಸಿಬ್ಬಂದಿಯ ಸಮಯಕ್ಕೆ ಪರಿಹಾರ ಕೇಳಬಾರದೆಂದೇನಿಲ್ಲ. 2007ರ ಒಂದು ಮೇಲ್ಮನವಿ ತೀರ್ಪು ಇದಕ್ಕೆ ದಾರಿ ತೋರಿಸಿತ್ತು. ಲಂಡನ್ನಿನ ನೀರು ಸರಬರಾಜು ಕಂಪನಿಯ ಪೈಪ್ ಒಡೆದು ಒಂದು ಪ್ರಕಾಶನ ಸಂಸ್ಥೆಯ ಸಂಗ್ರಹಕ್ಕೆ ನೀರು ನುಗ್ಗಿತ್ತು. ಅಲ್ಲಿನ ನೌಕರರು ತಮ್ಮ ಮಾಮೂಲಿ ಕೆಲಸ ಬಿಟ್ಟು ಒದ್ದೆಯಾದದ್ದನ್ನು ಉಳಿಸುವುದರಲ್ಲಿ ತೊಡಗಬೇಕಾಯಿತು. ಹೀಗೆ ಕೆಲಸ ಬಿಡಬೇಕಾಗಿ ಬಂದು ವ್ಯಾಪಾರಕ್ಕೆ ಗಣನೀಯ ಅಡ್ಡಿಯಾಗಿದ್ದರೆ ಆ ಸಮಯದ ಬೆಲೆ ಕೇಳಬಹುದು ಎಂದು ಕೋರ್ಟು ಹೇಳಿತ್ತು.

ಆದರೆ ಅಂಗಡಿಯ ಸೆಕ್ಯುರಿಟಿಯವರು ಯಾವ ಕೆಲಸ ಬಿಟ್ಟಿದ್ದರು? ಕಳ್ಳರನ್ನು ಹಿಡಿಯುವುದೇ ಅವರ ಕೆಲಸ. ಅವತ್ತು ಅವರು ಮಾಡಿದ್ದೂ ಅದನ್ನೇ. ಇಬ್ಬರು ಹುಡುಗಿಯರು ಬಾರದಿದ್ದರೂ ಅವರಿಗೆ ಆ ದಿನದ ಸಂಬಳ ಕೊಡಬೇಕಿತ್ತು, ಕ್ಯಾಮೆರಾ ಓಡುತ್ತಿತ್ತು, ಕಚೇರಿ ನಡೆಯುತ್ತಿತ್ತು. ಅವರಿಂದಾಗಿ ಅಂಗಡಿಯ ವ್ಯಾಪಾರಕ್ಕೆ ದೊಡ್ಡ ಅಡ್ಡಿಯಾಯಿತು ಎಂದು ತೋರಿಸಲು ಕಂಪನಿಗೆ ಆಗಲಿಲ್ಲ. ನ್ಯಾಯಾಧೀಶರು ದಾವೆ ವಜಾ ಮಾಡಿದರು.

ನಮ್ಮ ಹೊಲದ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ. ಪಕ್ಕದ ಮನೆಯ ದನ ನುಗ್ಗಿ ಪೈರು ಮೇಯ್ದರೆ ಪೈರಿನ ಬೆಲೆ ಕೇಳುವುದು ನ್ಯಾಯ. ದನ ಬೇಲಿ ದಾಟುವಾಗಲೇ ಕಾವಲುಗಾರ ಅಟ್ಟಿದ, ಒಂದು ತೆನೆಯೂ ಹಾಳಾಗಲಿಲ್ಲ. ಆಗ ಕಾವಲುಗಾರನ ಸಂಬಳದಲ್ಲಿ ಪಾಲು ಕೊಡು ಎಂದರೆ ಊರ ಹಿರಿಯರು ಒಪ್ಪುತ್ತಾರೆಯೇ?

ಕೌಂಟಿ ಕೋರ್ಟಿನ ತೀರ್ಪು ಬೇರೆ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಹಾಗಾಗಿ ಪತ್ರಗಳು ಮರುದಿನವೇ ನಿಂತುಹೋಗಲಿಲ್ಲ. ಆದರೆ ಅಲ್ಲಿಂದ ಮುಂದೆ ಪತ್ರ ಹಿಡಿದು ಬಂದ ತಾಯಿಗೆ ಸಲಹೆಗಾರರು ಧೈರ್ಯವಾಗಿ ತೋರಿಸಬಹುದಾದ ಒಂದು ತೀರ್ಪು ಸಿಕ್ಕಿತು.

ಹಿಂದಿನ ಕೋಣೆಯ ವ್ಯವಹಾರ

ಕಾನೂನು ಇರುವ ಅಮೆರಿಕದಲ್ಲೂ ಇದು ಎಲ್ಲೆ ಮೀರಿತು. ಅಲ್ಲಿ ಒಂದು ಕಂಪನಿ ಅಂಗಡಿಗಳ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಸಿಕ್ಕಿಬಿದ್ದವರನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ವಿಡಿಯೊ ತೋರಿಸುವುದು, ತಪ್ಪೊಪ್ಪಿಗೆಗೆ ಸಹಿ ಹಾಕಿಸುವುದು, ನಾನೂರು ಐನೂರು ಡಾಲರ್ ಕಟ್ಟಿ ಆನ್‌ಲೈನ್ ಕೋರ್ಸ್ ಮಾಡಿ, ಇಲ್ಲವೇ ಪೊಲೀಸ್ ಎನ್ನುವುದು ಕ್ರಮ. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸರ್ಕಾರಿ ವಕೀಲ ಡೆನಿಸ್ ಹೆರೆರಾ ಅದರ ಮೇಲೆ ದಾವೆ ಹೂಡಿದರು. 2017ರಲ್ಲಿ ನ್ಯಾಯಾಲಯ ಇದು ಸುಲಿಗೆ ಎಂದೇ ತೀರ್ಪು ಕೊಟ್ಟಿತು. ದುಡ್ಡು ಕೊಟ್ಟರೆ ಪೊಲೀಸರಿಲ್ಲ, ಕೊಡದಿದ್ದರೆ ಪೊಲೀಸರು ಎಂಬ ಮಾತಿನಲ್ಲೇ ಸುಲಿಗೆ ಇತ್ತು.

ನಮಗೆ ಇದರಿಂದ ತಿಳಿಯಬೇಕಾದ್ದು

ನಮ್ಮಲ್ಲಿ ಸಿವಿಲ್ ರಿಕವರಿ ಕಾನೂನು ಇಲ್ಲ. ಆದರೆ ತಾಲ್ಲೂಕು ಕೇಂದ್ರಗಳಿಗೂ ಕ್ಯಾಮೆರಾ ಇರುವ ದೊಡ್ಡ ಅಂಗಡಿಗಳು ಬಂದಿವೆ. ನಮ್ಮ ಮಕ್ಕಳು ಕಾಲೇಜಿಗೆ ಹೋಗಿಬರುವ ದಾರಿಯಲ್ಲೇ ಅವು ಇವೆ. ಅದಕ್ಕೆ ನಮ್ಮ ಕಾನೂನು ಏನು ಹೇಳುತ್ತದೆ ಎಂಬುದು ಗೊತ್ತಿರಲಿ.

18 ವರ್ಷದೊಳಗಿನವರು ಕದ್ದು ಸಿಕ್ಕಿಬಿದ್ದರೆ ವಿಷಯ ಹೋಗಬೇಕಾದ್ದು 2015ರ ಬಾಲ ನ್ಯಾಯ ಕಾಯ್ದೆಯ ದಾರಿಯಲ್ಲಿ. ಅವರನ್ನು ಲಾಕಪ್ಪಿಗೆ ಹಾಕುವಂತಿಲ್ಲ. ತೀರ್ಮಾನ ಬಾಲ ನ್ಯಾಯ ಮಂಡಳಿಯದು. ಬುದ್ಧಿ ಹೇಳಿ ಕಳಿಸುವುದು, ಸಮುದಾಯ ಸೇವೆ ಮಾಡಿಸುವುದು, ಹೆತ್ತವರಿಂದ ದಂಡ ಕಟ್ಟಿಸುವುದು, ಎಲ್ಲಕ್ಕೂ ಮಂಡಳಿಗೆ ಅಧಿಕಾರ ಇದೆ. ಅಂಗಡಿಯ ಮ್ಯಾನೇಜರ್‌ಗೆ ಇಲ್ಲ. ಹಾಳಾದ ಸಾಮಾನಿನ ಬೆಲೆ ಕೊಡುವುದು ಬೇರೆ ಮಾತು, ಅದನ್ನು ಕೊಟ್ಟು ರಸೀದಿ ಪಡೆಯಿರಿ. ಹೆದರಿಸಿ ಹತ್ತು ಪಟ್ಟು ಕೇಳಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನ ಸುಲಿಗೆಯ ಅಪರಾಧ ಆಗಬಹುದು.

ಫೋನಿನಲ್ಲಿ ಓದುತ್ತಿರುವ ನಿಮಗೆ ಇನ್ನೊಂದು ಮಾತು. ಕದ್ದು ಸಿಕ್ಕ ಮಗುವಿನ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಮುಂದಕ್ಕೆ ಕಳಿಸಬೇಡಿ. ಇಂಥ ಮಗುವಿನ ಗುರುತು ಬಯಲು ಮಾಡುವುದು ಅದೇ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಇಂಗ್ಲೆಂಡಿನ ಏಜೆನ್ಸಿ ಪಟ್ಟಿಯಲ್ಲಿ ಹೆಸರಿಡುವೆ ಎಂದು ಹೆದರಿಸಿತು. ಊರಿನ ಗ್ರೂಪು ಅದಕ್ಕಿಂತ ದೊಡ್ಡ ಪಟ್ಟಿ.

ಯಾರಾದರೂ ನಿಮ್ಮ ಮನೆಗೆ ಇಂಥ ಬೇಡಿಕೆ ಕಳಿಸಿದರೆ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ನಷ್ಟ ಎಷ್ಟು, ಯಾವ ಕಾನೂನಿನಲ್ಲಿ ಕೇಳುತ್ತಿದ್ದೀರಿ, ಯಾವ ಕೋರ್ಟಿನ ಆದೇಶ ಇದೆ. ಉತ್ತರ ಬರಹದಲ್ಲಿ ಕೊಡಲಿ. ಆ ಕಾಗದ ತೆಗೆದುಕೊಂಡು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ. ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಆದಾಯ ಎಷ್ಟೇ ಇರಲಿ ಅಲ್ಲಿ ಕಾನೂನು ನೆರವು ಉಚಿತ. ಮಕ್ಕಳ ಸಹಾಯವಾಣಿ 1098. ಮಗು ತಾನೇ ಬಂದು ಹೇಳಿದರೆ ಮೊದಲು ಪೂರ್ತಿ ಕೇಳಿಸಿಕೊಳ್ಳಿ, ಬೈಗುಳಕ್ಕೆ ಆಮೇಲೂ ಸಮಯ ಇರುತ್ತದೆ.