ಅಪ್ಪಾ ಎಂದು ಕರೆದ ಅರಸ

ಮಂಗಳೂರಿನಲ್ಲಿ ಬಾವುಟಗುಡ್ಡೆ ಅಂದರೆ ಎಲ್ಲರಿಗೂ ಗೊತ್ತು. 1837ರಲ್ಲಿ ಸುಳ್ಯದ ಕಡೆಯ ರೈತರು ದಂಡು ಕಟ್ಟಿಕೊಂಡು ಬಂದು, ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ ಗುಡ್ಡ ಅದು. ನಮ್ಮ ಆಫೀಸಿನ ಹುಡುಗರಿಗೆ ಆ ಕಥೆ ಬಾಯಿಪಾಠ. ಆದರೆ ನಾನು ಸುರಪುರದ ಕಡೆಯವನು ಅಂದ ಕೂಡಲೇ, ‘ಅದೆಲ್ಲಿ ಬರ್ತದೆ ಮಾರಾಯ?’ ಅಂತಾರೆ. ಯಾದಗಿರಿ ಜಿಲ್ಲೆಯಲ್ಲಿ ಬರ್ತದೆ. ಅಲ್ಲಿಯೂ ಒಂದು ಗುಡ್ಡ ಇದೆ, ಒಂದು ದಂಗೆ ನಡೆದಿದೆ. ಅದನ್ನು ನಡೆಸಿದವನು ಇಪ್ಪತ್ತನಾಲ್ಕರ ಆಸುಪಾಸಿನ ಒಬ್ಬ ಅರಸ. ನಾವು ಮೊದಲ ಕೆಲಸಕ್ಕೆ ಸೇರಿ ಪ್ರೊಬೇಷನ್ ಮುಗಿಸುವ ವಯಸ್ಸು.

ಹೆಸರು ರಾಜಾ ವೆಂಕಟಪ್ಪ ನಾಯಕ. ಬೇಡ ನಾಯಕರ ಮನೆತನ. ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ, 1705ರದ್ದು, ಇವರ ಪೂರ್ವಿಕರ ವಾಗಿನಗೇರಾ ಕೋಟೆಯ ಮೇಲೆ. ಆದರೆ ವೆಂಕಟಪ್ಪ ಹುಟ್ಟುವ ಹೊತ್ತಿಗೆ ಆ ಜೋರು ಉಳಿದಿರಲಿಲ್ಲ. ಮೇಲೆ ಹೈದರಾಬಾದಿನ ನಿಜಾಮ, ಅವನ ಬೆನ್ನಿಗೆ ಇಂಗ್ಲಿಷರು, ತಲೆ ಮೇಲೆ ಸಾಲ. 1842ರಲ್ಲಿ ತಂದೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಇವನಿನ್ನೂ ಚಿಕ್ಕ ಹುಡುಗ.

ಆಗ ಸಂಸ್ಥಾನ ನೋಡಿಕೊಳ್ಳಲು ನಿಂತವನು ಫಿಲಿಪ್ ಮೆಡೋಸ್ ಟೇಲರ್. ಠಕ್ಕರ ಬಗ್ಗೆ 1839ರಲ್ಲಿ ಕಾದಂಬರಿ ಬರೆದು ಇಂಗ್ಲೆಂಡಿನಲ್ಲೆಲ್ಲ ಹೆಸರು ಮಾಡಿದ್ದ ಅಧಿಕಾರಿ. ಸುಮಾರು ಹತ್ತು ವರ್ಷ ಅವನು ಸುರಪುರದ ಲೆಕ್ಕಪತ್ರ, ಕಂದಾಯ ಎಲ್ಲ ನೋಡಿದ. ಗುಡ್ಡದ ಮೇಲೆ ಮನೆ ಕಟ್ಟಿಸಿದ. ಅದೇ ‘ಟೇಲರ್ ಮಂಜಿಲ್’, ಈಗಲೂ ಇದೆ. ಹುಡುಗನ ಓದು, ನಡತೆ ಎಲ್ಲ ಅವನದೇ ಉಸ್ತುವಾರಿ. ಹುಡುಗ ಅವನನ್ನು ಕರೆಯುತ್ತಿದ್ದದ್ದು ‘ಅಪ್ಪಾ’ ಅಂತ.

1853ರಲ್ಲಿ ಟೇಲರ್ ಅಧಿಕಾರವನ್ನು ಅರಸನ ಕೈಗೆ ಕೊಟ್ಟು ಹೊರಟ. ನಾಲ್ಕೇ ವರ್ಷಕ್ಕೆ 1857 ಬಂತು. ಆ ನವೆಂಬರಿನಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸೋದಿಲ್ಲ ಅಂತ ತಿರುಗಿ ನಿಂತು ಪ್ರಾಣ ಕೊಟ್ಟರು. ಸುರಪುರದಲ್ಲಿ ಅರಬರು, ರೋಹಿಲರು ಬಂದು ಸೇರತೊಡಗಿದರು. ಬುದ್ಧಿ ಹೇಳಲು ಇಂಗ್ಲಿಷರು ಕ್ಯಾಪ್ಟನ್ ಕ್ಯಾಂಪ್‌ಬೆಲ್‌ನನ್ನು ಕಳಿಸಿದರು, ಅರಸ ಕೇಳಲಿಲ್ಲ. 1858ರ ಫೆಬ್ರವರಿಯಲ್ಲಿ ಯುದ್ಧವೇ ಆಯಿತು. ಇಂಗ್ಲಿಷರ ಕಡೆ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆದರೆ ಸುತ್ತಲಿಂದ ಪಡೆಗಳು ಬಂದು ಕೂಡುತ್ತಿದ್ದವು. ಅರಸ ಕೆಲವೇ ಸವಾರರ ಜೊತೆ ರಾತ್ರೋರಾತ್ರಿ ಹೈದರಾಬಾದಿಗೆ ಹೋದ. ಅಲ್ಲಿ ಸಿಕ್ಕಿಬಿದ್ದ. ನಿಜಾಮನ ದಿವಾನ ಸಾಲಾರ್ ಜಂಗ್ ಅವನನ್ನು ಇಂಗ್ಲಿಷ್ ರೆಸಿಡೆಂಟನಿಗೆ ಒಪ್ಪಿಸಿದ.

ಜೈಲಿಗೆ ನೋಡಲು ಬಂದವನು ಯಾರು ಅಂತೀರಿ? ಅದೇ ಅಪ್ಪ.

ಆ ಭೇಟಿಯನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹುಡುಗ ತಬ್ಬಿಕೊಂಡು ಅತ್ತನಂತೆ. ಆದರೆ ಜೀವ ಉಳಿಸಿ ಅಂತ ಬೇಡಿಕೊಳ್ಳಲು ಒಪ್ಪಲಿಲ್ಲ. ಜೊತೆಗಿದ್ದವರನ್ನು ಹಿಡಿದುಕೊಟ್ಟು ಬದುಕುವ ಹೇಡಿತನ ಬೇಡ ಅಂದ. ಕೇಳಿಕೊಂಡದ್ದು ಒಂದೇ: ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ, ಅಲುಗದೆ ನಿಲ್ಲುತ್ತೇನೆ.

ಮರಣದಂಡನೆಯ ತೀರ್ಪಾಯಿತು. ರೆಸಿಡೆಂಟ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಇನ್ನೂ ಇಳಿಸಿ, ಮದ್ರಾಸಿನ ಕಡೆಯ ಕೋಟೆಯಲ್ಲಿ ನಾಲ್ಕು ವರ್ಷ ಸೆರೆ ಅಂತ ಮಾಡಿದ. ನಡತೆ ಚೆನ್ನಾಗಿದ್ದರೆ ರಾಜ್ಯವೂ ಮರಳಿ ಸಿಗುವ ಸಾಧ್ಯತೆ ಇತ್ತು. ಕರೆದೊಯ್ಯುವಾಗ ದಾರಿಯಲ್ಲಿ ಮೊದಲ ಬಿಡಾರದಲ್ಲೇ ಗುಂಡಿನ ಸದ್ದು ಕೇಳಿತು. ಕಾವಲಿನ ಅಧಿಕಾರಿ ತನ್ನ ರಿವಾಲ್ವರನ್ನು ಒಳಗೆ ಬಿಟ್ಟು ಹೊರಗೆ ಹೋಗಿದ್ದ, ಅರಸ ಅದರಿಂದಲೇ ಹೊಡೆದುಕೊಂಡ. ಇದು ಟೇಲರ್ ಕೊಡುವ ವರದಿ. ನಮ್ಮ ಕಡೆ ಇದನ್ನು ಒಪ್ಪದವರಿದ್ದಾರೆ. ಇಂಗ್ಲಿಷರೇ ಕೊಂದರು ಅನ್ನುತ್ತಾರೆ.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಇಲ್ಲಿ ಉಳಿದಿರೋದು ಒಂದೇ ಸರ್ವರಿನ ಲಾಗ್. ಅದೂ ಎದುರು ಪಕ್ಷದ್ದು. ಅರಸ ಕೆಟ್ಟದ್ದು ಯಾಕೆ? ದುಷ್ಟ ಸಲಹೆಗಾರರಿಂದ, ದುಂದುವೆಚ್ಚದಿಂದ, ಅಂತ ಟೇಲರ್ ಹೇಳುತ್ತಾನೆ. 24ನೇ ವರ್ಷದಲ್ಲಿ ಸಾವು ಅಂತ ಜಾತಕದಲ್ಲೇ ಇತ್ತು ಅಂತಲೂ ಬರೆಯುತ್ತಾನೆ. ಜಾತಕ ಅಂದುಬಿಟ್ಟರೆ ಎಲ್ಲರಿಗೂ ಹಗುರ, ನೋಡಿ. ಹತ್ತು ವರ್ಷ ತನ್ನ ಊರನ್ನು ಬೇರೊಬ್ಬರು ಆಳುವುದನ್ನು ಕಂಡ ಹುಡುಗನಿಗೆ, ದೊರೆಯಾದ ಮೇಲೂ ಅಪ್ಪಣೆ ಬೇರೆ ಕಡೆಯಿಂದಲೇ ಬರುತ್ತದೆ ಅಂತ ಗೊತ್ತಾದಾಗ ಏನನಿಸಿರಬಹುದು? ಆ ಪ್ರಶ್ನೆಗೆ ಲಾಗಿನಲ್ಲಿ ಜಾಗ ಇಲ್ಲ.

ಹಾಗಂತ ಟೇಲರನನ್ನು ವಿಲನ್ ಮಾಡುವ ಮನಸ್ಸು ನನಗಿಲ್ಲ. ಅವನ ಪ್ರೀತಿ ಸುಳ್ಳಲ್ಲ, ಅವನ ಕೆಲಸವೂ ಸುಳ್ಳಲ್ಲ. ಒಂದೇ ಮನುಷ್ಯ ಅಪ್ಪನೂ ಆಗಿದ್ದ, ಕಂಪನಿ ಸರ್ಕಾರದ ಕೈಯೂ ಆಗಿದ್ದ. ಜೈಲಿನಲ್ಲಿ ಆ ಎರಡೂ ಒಟ್ಟಿಗೆ ಎದುರು ಬಂದು ಕೂತಾಗ, ವೆಂಕಟಪ್ಪ ಎರಡನ್ನೂ ಬೇರೆಬೇರೆ ಮಾಡಿ ನೋಡಿದ. ಅಪ್ಪನ ಹೆಗಲ ಮೇಲೆ ಅತ್ತ. ಸರ್ಕಾರದ ಮುಂದೆ ಬಾಯಿ ಬಿಡಲಿಲ್ಲ. ಇದನ್ನು ನಮಗೆ ಹೇಳುತ್ತಿರುವುದು ಎದುರು ಪಕ್ಷದ ಲಾಗೇ. ಹಾಗಾಗಿ ಇಷ್ಟನ್ನಂತೂ ನಂಬಬಹುದು.

1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು. ನಾಲ್ಕು ವರ್ಷದ ಶಿಕ್ಷೆ ಮುಗಿಸಿ ಅರಸ ಬದುಕಿ ಬಂದಿದ್ದರೆ ಅವನಿಗಿನ್ನೂ ಇಪ್ಪತ್ತೆಂಟರ ಸುಮಾರು.